ಗಿಟಾರಿನ ಶ್ರುತಿದೋಷವೂ ನಟ್ಟಿನ ಬದಲಾವಣೆಯೂ

ತಂತಿವಾದ್ಯಗಳಿಗೆ ಶ್ರುತಿಯೇ ಪ್ರಾಣವೆಂಬುದು ಸಂಗೀತವನ್ನು ಅಲ್ಪಸ್ವಲ್ಪ ಬಲ್ಲವರಿಗೂ ತಿಳಿದ ಸಂಗತಿ. ವಾದಕನು ಎಷ್ಟೇ ನಿಪುಣನಾಗಿದ್ದರೂ ವಾದ್ಯವು ಶ್ರುತಿಯಲ್ಲಿ ನಿಲ್ಲದಿದ್ದರೆ ಅವನ ಶ್ರಮವೆಲ್ಲ ವ್ಯರ್ಥವಾಗುತ್ತದೆ. ವೀಣೆ, ತಂಬೂರಿ, ಹಾರ್ಮೋನಿಯಂಗಳಿರುವ ಸಂಗೀತದ ಕೊಠಡಿಗಳಿಗೆ ಇತ್ತೀಚಿನ ದಶಕಗಳಲ್ಲಿ ವಿದ್ಯುತ್ ಗಿಟಾರೂ ಬಂದು ಸೇರಿದೆ. ಅದನ್ನು ಕಲಿಯುವವರಿಂದ ಮತ್ತೆ ಮತ್ತೆ ಕೇಳಿಬರುವ ದೂರು ಒಂದೇ: ಈಗ ತಾನೇ ಶ್ರುತಿಗೂಡಿಸಿದ ವಾದ್ಯವು ಒಂದು ಹಾಡು ಮುಗಿಯುವುದರೊಳಗೆ ಅಪಶ್ರುತಿಗೆ ಇಳಿಯುತ್ತದೆ ಎಂಬುದು.

ಇಂಥ ಸಂದರ್ಭದಲ್ಲಿ ಎಲ್ಲರ ಕಣ್ಣೂ ಮೊದಲು ಹೋಗುವುದು ಬಿರಡೆಗಳ ಕಡೆಗೆ. ಶ್ರುತಿ ಮಾಡುವ ಅಂಗವೇ ಬಿರಡೆಯಾದುದರಿಂದ ಶ್ರುತಿ ಕೆಟ್ಟರೆ ಅಪರಾಧವೂ ಅದರದೇ ಎಂದು ಭಾವಿಸುವುದು ಸಹಜ. ಹಳೆಯ ಬಿರಡೆಗಳನ್ನು ಕಿತ್ತು ಹೊಸವನ್ನು ಹಾಕಿಸುತ್ತಾರೆ. ಗುಣ ಕಾಣದಿದ್ದರೆ ವಾದ್ಯವನ್ನೇ ಮೂಲೆಗೆ ಸೇರಿಸುತ್ತಾರೆ. ಹಣದ ನಷ್ಟ ಒಂದು ಕಡೆ ಇರಲಿ. ಎಳೆಯ ವಿದ್ಯಾರ್ಥಿಯು ವಾದ್ಯದ ದೋಷವನ್ನು ತನ್ನ ಕಿವಿಯ ದೋಷವೆಂದು ತಿಳಿದು ಕುಗ್ಗುವುದು, ಇಲ್ಲವೆ ಅಪಸ್ವರವನ್ನೇ ಸ್ವರವೆಂದು ರೂಢಿಸಿಕೊಳ್ಳುವುದು ಇದಕ್ಕಿಂತ ದೊಡ್ಡ ನಷ್ಟ. ಆದರೆ ಎಷ್ಟೋ ಸಲ ದೋಷವು ಬಿರಡೆಯಲ್ಲಾಗಲಿ ಕಿವಿಯಲ್ಲಾಗಲಿ ಇರುವುದಿಲ್ಲ. ಅದು ಕಿರುಬೆರಳಿಗಿಂತಲೂ ಸಣ್ಣದಾದ ಒಂದು ತುಂಡಿನಲ್ಲಿ ಅಡಗಿರುತ್ತದೆ. ಆ ತುಂಡಿನ ಹೆಸರೇ ನಟ್.

ನಟ್ ಎಂದರೇನು?

ಇಲ್ಲಿ ನಟ್ ಎಂದರೆ ಬೋಲ್ಟಿಗೆ ತಿರುಗಿಸಿ ಹಾಕುವ ಲೋಹದ ನಟ್ ಅಲ್ಲ. ಗಿಟಾರಿನ ಕೊರಳು ಮುಗಿದು ಬಿರಡೆಗಳಿರುವ ತಲೆಭಾಗವು ಆರಂಭವಾಗುವಲ್ಲಿ ಅಡ್ಡಲಾಗಿ ಕೂರಿಸಿದ ಕಿರಿದಾದ ಪಟ್ಟಿಗೆ ಈ ಹೆಸರು. ಸಾಮಾನ್ಯವಾಗಿ ಅದರ ಉದ್ದ ೪೨ರಿಂದ ೪೩ ಮಿಲಿಮೀಟರು, ದಪ್ಪ ೩ರಿಂದ ೫ ಮಿಲಿಮೀಟರು. ಅದರ ಮೇಲಂಚಿನಲ್ಲಿ ಆರು ಕಚ್ಚುಗಳಿರುತ್ತವೆ. ಒಂದೊಂದು ಕಚ್ಚಿನಲ್ಲಿ ಒಂದೊಂದು ತಂತಿ ಹಾಯ್ದು ಬಿರಡೆಗೆ ಸೇರುತ್ತದೆ. ವೀಣೆ, ಸಿತಾರುಗಳಲ್ಲಿ ಇದೇ ಸ್ಥಾನದಲ್ಲಿರುವ ಅಂಗವನ್ನು ಮೇರು ಎಂದು ಕರೆಯುವುದುಂಟು.

ತಂತಿಯ ಕಂಪಿಸುವ ಭಾಗಕ್ಕೆ ಒಂದು ತುದಿ ಕುದುರೆಯಾದರೆ ಇನ್ನೊಂದು ತುದಿ ನಟ್. ಫೆಂಡರ್ ಮಾದರಿಯ ಗಿಟಾರುಗಳಲ್ಲಿ ಈ ಎರಡರ ನಡುವಣ ಉದ್ದ ೬೪೮ ಮಿಲಿಮೀಟರು. ಗಿಬ್ಸನ್ ಮಾದರಿಯವುಗಳಲ್ಲಿ ಸುಮಾರು ೬೨೮ ಮಿಲಿಮೀಟರು. ಬೆರಳುಹಲಗೆಯ ಮೇಲಿನ ಎಲ್ಲ ಮೆಟ್ಟಿಲುಗಳ ಸ್ಥಾನವನ್ನೂ ಈ ಉದ್ದದಿಂದಲೇ ಲೆಕ್ಕ ಹಾಕಲಾಗುತ್ತದೆ. ಖಗೋಳವಿಜ್ಞಾನಿ ಗೆಲಿಲಿಯೊನ ತಂದೆ ವಿಂಚೆಂಜೊ ಗೆಲಿಲೈ ೧೫೮೧ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಲ್ಯೂಟ್ ವಾದ್ಯದ ಮೆಟ್ಟಿಲುಗಳಿಗೆ ೧೮ಕ್ಕೆ ೧೭ರ ಪ್ರಮಾಣವನ್ನು ಹೇಳಿದ್ದನು. ಎಂದರೆ, ಉಳಿದ ಉದ್ದವನ್ನು ೧೮ರಿಂದ ಭಾಗಿಸುತ್ತ ಹೋದರೆ ಒಂದೊಂದು ಮೆಟ್ಟಿಲಿನ ಸ್ಥಾನ ದೊರೆಯುತ್ತದೆ. ಇಂದು ೧೮ರ ಬದಲಿಗೆ ಹೆಚ್ಚು ನಿಖರವಾದ ೧೭.೮೧೭ ಎಂಬ ಸಂಖ್ಯೆಯನ್ನು ಬಳಸುತ್ತಾರೆ. ಅದರಂತೆ ೬೪೮ ಮಿಲಿಮೀಟರು ಉದ್ದದ ವಾದ್ಯದಲ್ಲಿ ಮೊದಲ ಮೆಟ್ಟಿಲು ನಟ್ಟಿನಿಂದ ೩೬.೪ ಮಿಲಿಮೀಟರು ದೂರದಲ್ಲಿರುತ್ತದೆ.

ಈ ವಿಷಯದಲ್ಲಿ ವೀಣೆಗೂ ಗಿಟಾರಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ವೀಣೆಯ ೨೪ ಮೆಟ್ಟಿಲುಗಳನ್ನು ಮೇಣದ ಮೇಳದಲ್ಲಿ ಕೂರಿಸಿರುವುದರಿಂದ ಸ್ವರಸ್ಥಾನವು ತಪ್ಪಿದಾಗ ಮೇಣವನ್ನು ಕರಗಿಸಿ ಹೊಸದಾಗಿ ಮೇಳ ಕಟ್ಟಬಹುದು. ಗಿಟಾರಿನ ಮೆಟ್ಟಿಲುಗಳನ್ನಾದರೋ ಬೆರಳುಹಲಗೆಯೊಳಗೆ ಬಿಗಿಯಾಗಿ ಹೂಡಿರುತ್ತಾರೆ, ಅವನ್ನು ಸರಿಸುವಂತಿಲ್ಲ. ಆದುದರಿಂದ ಅಳತೆಯ ಆರಂಭಬಿಂದುವಾದ ನಟ್ಟಿನಲ್ಲಿ ತಪ್ಪಿದ್ದರೆ ಅದನ್ನು ಮೆಟ್ಟಿಲುಗಳಿಂದ ತಿದ್ದಿಕೊಳ್ಳಲು ಅವಕಾಶವೇ ಇಲ್ಲ. ತಪ್ಪಿರುವಲ್ಲಿಯೇ ಅದನ್ನು ಸರಿಪಡಿಸಬೇಕು.

ಎರಡು ಬಗೆಯ ವಿನ್ಯಾಸಗಳು

ವಿದ್ಯುತ್ ಗಿಟಾರು ಅಮೆರಿಕದಲ್ಲಿ ಹುಟ್ಟಿದ ವಾದ್ಯ. ಜಾರ್ಜ್ ಬೋಶಾಂ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ ಅವರ ಪ್ರಯತ್ನದಿಂದ ೧೯೩೦ರ ದಶಕದ ಆರಂಭದಲ್ಲಿ ಅದು ರೂಪುಗೊಂಡಿತು. ಗಿಬ್ಸನ್ ಸಂಸ್ಥೆಯು ೧೯೫೨ರಲ್ಲಿ ಲೆಸ್ ಪಾಲ್ ಮಾದರಿಯನ್ನೂ ಲಿಯೊ ಫೆಂಡರ್ ಅವರ ಸಂಸ್ಥೆಯು ೧೯೫೪ರಲ್ಲಿ ಸ್ಟ್ರಾಟೊಕಾಸ್ಟರ್ ಮಾದರಿಯನ್ನೂ ಹೊರತಂದವು. ಅನಂತರ ಜಗತ್ತಿನ ನಾನಾ ಕಡೆ ತಯಾರಾದ ಬಹುಸಂಖ್ಯೆಯ ಗಿಟಾರುಗಳು ಈ ಎರಡರಲ್ಲಿ ಒಂದನ್ನು ಅನುಸರಿಸಿವೆ.

ಲೆಸ್ ಪಾಲ್ ಮಾದರಿಯಲ್ಲಿ ತಲೆಯು ಹಿಂದಕ್ಕೆ ಸುಮಾರು ೧೭ ಡಿಗ್ರಿ ಬಾಗಿದ್ದು, ಬಿರಡೆಗಳು ಎರಡು ಪಕ್ಕಗಳಲ್ಲಿ ಮೂರು ಮೂರಾಗಿ ಇರುತ್ತವೆ. ಆದಕಾರಣ ತಂತಿಗಳು ನಟ್ಟನ್ನು ದಾಟಿದೊಡನೆ ಕೆಳಕ್ಕೂ ಬಾಗುತ್ತವೆ, ಪಕ್ಕಕ್ಕೂ ತಿರುಗುತ್ತವೆ. ನಡುವಿನ ಎರಡು ತಂತಿಗಳಾದ ಮೂರನೆಯ ಮತ್ತು ನಾಲ್ಕನೆಯ ತಂತಿಗಳು ಅತಿ ದೂರದ ಬಿರಡೆಗಳಿಗೆ ಹೋಗಬೇಕಾದುದರಿಂದ ಅವು ಪಕ್ಕಕ್ಕೆ ತಿರುಗುವುದು ಎದ್ದು ಕಾಣುತ್ತದೆ. ಈ ಮಾದರಿಯಲ್ಲಿ ಮೂರನೆಯ ತಂತಿಯೇ ಹೆಚ್ಚಾಗಿ ಶ್ರುತಿ ತಪ್ಪುವುದೆಂಬ ವಾದಕರ ಅನುಭವಕ್ಕೆ ಇದೊಂದು ಕಾರಣ. ಸ್ಟ್ರಾಟೊಕಾಸ್ಟರಿನಲ್ಲಿ ಆರೂ ಬಿರಡೆಗಳು ಒಂದೇ ಸಾಲಿನಲ್ಲಿದ್ದು ತಂತಿಗಳು ನೇರವಾಗಿ ಸಾಗುತ್ತವೆ. ಆದರೆ ಅದರಲ್ಲಿ ಕುದುರೆಯನ್ನೇ ಅಲುಗಿಸಿ ಸ್ವರವನ್ನು ತೂಗಿಸುವ ಸನ್ನೆಗೋಲು ಇರುವುದರಿಂದ, ತಂತಿಯು ಕಚ್ಚಿನಲ್ಲಿ ಹಿಂದುಮುಂದಾಗಿ ಜಾರುವ ಪ್ರಮೇಯ ಇನ್ನೂ ಹೆಚ್ಚು.

ಶ್ರುತಿ ಕೆಡುವ ಬಗೆ

ನಟ್ಟಿನಿಂದ ಉಂಟಾಗುವ ದೋಷಗಳು ಮುಖ್ಯವಾಗಿ ಎರಡು ಬಗೆಯವು. ಮೊದಲನೆಯದು ಘರ್ಷಣೆ, ಎರಡನೆಯದು ಕಚ್ಚಿನ ಎತ್ತರ.

ವಾದಕನು ತಂತಿಯನ್ನು ಬೆರಳಿನಿಂದ ಪಕ್ಕಕ್ಕೆ ಎಳೆದಾಗ ಬಿಗಿತ ಹೆಚ್ಚಿ, ಬಿರಡೆಯ ಕಡೆಯಿಂದ ಕೂದಲೆಳೆಯಷ್ಟು ತಂತಿ ನಟ್ಟನ್ನು ದಾಟಿ ಈಚೆಗೆ ಬರುತ್ತದೆ. ಬೆರಳು ತೆಗೆದ ಮೇಲೆ ಅಷ್ಟೂ ಭಾಗವು ಹಿಂದಕ್ಕೆ ಹೋಗಬೇಕು. ಕಚ್ಚು ಕಿರಿದಾಗಿದ್ದರೆ ಇಲ್ಲವೆ ಒರಟಾಗಿದ್ದರೆ ತಂತಿಯು ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ, ಸಡಿಲು ಉಳಿಯುತ್ತದೆ, ಸ್ವರವು ಇಳಿಯುತ್ತದೆ. ಸನ್ನೆಗೋಲನ್ನು ಒತ್ತಿ ಬಿಟ್ಟಾಗ ಇದಕ್ಕೆ ವಿರುದ್ಧವಾಗಿ ಆಗುತ್ತದೆ. ಒತ್ತಿದಾಗ ಈಚೆಗಿನ ಬಿಗಿತವು ಕಡಿಮೆಯಾಗಿ ತಂತಿಯು ಬಿರಡೆಯ ಕಡೆಗೆ ಜಾರುತ್ತದೆ. ಬಿಟ್ಟಾಗ ಮರಳಿ ಬಾರದೆ ನಿಂತರೆ ಸ್ವರವು ಏರುತ್ತದೆ. ಎಳೆದ ಬಳಿಕ ಇಳಿಯುವುದು, ಒತ್ತಿಬಿಟ್ಟ ಬಳಿಕ ಏರುವುದು: ಇವೆರಡೂ ಕಂಡುಬಂದರೆ ನಟ್ಟನ್ನು ಸಂಶಯಿಸಲು ಸಾಕಷ್ಟು ಕಾರಣವಿದೆಯೆಂದು ತಿಳಿಯಬೇಕು.

ಇಷ್ಟು ಸಣ್ಣ ಜಾರುವಿಕೆಯಿಂದ ಏನಾದೀತು ಎಂದು ಕೇಳಬಹುದು. ಕಾಲಂಗುಲದಲ್ಲಿ ಇಪ್ಪತ್ತೈದನೆಯ ಒಂದು ಭಾಗ, ಎಂದರೆ ೦.೨೫ ಮಿಲಿಮೀಟರು ದಪ್ಪದ ಉಕ್ಕಿನ ಮೊದಲ ತಂತಿಯು ತನ್ನ ಸ್ವರವಾದ ೩೩೦ ಹರ್ಟ್ಸ್ ಮುಟ್ಟಲು ಸುಮಾರು ೭ ಕಿಲೋಗ್ರಾಂ ತೂಕದಷ್ಟು ಸೆಳೆತವನ್ನು ಹೊರುತ್ತದೆ. ಉಕ್ಕು ಹೆಚ್ಚಾಗಿ ಹಿಗ್ಗುವ ಲೋಹವಲ್ಲವಾದುದರಿಂದ ಅಷ್ಟು ಸೆಳೆತಕ್ಕೂ ೬೪೮ ಮಿಲಿಮೀಟರು ಉದ್ದದಲ್ಲಿ ಅದು ಹಿಗ್ಗುವುದು ನಾಲ್ಕೂವರೆ ಮಿಲಿಮೀಟರಿನಷ್ಟು ಮಾತ್ರ. ಅದರಲ್ಲಿ ಮಿಲಿಮೀಟರಿನ ಹತ್ತನೆಯ ಒಂದು ಭಾಗ ಹೆಚ್ಚು ಕಡಿಮೆಯಾದರೆ ಬಿಗಿತವು ಶೇಕಡ ೨ರಷ್ಟು ಬದಲಾಗುತ್ತದೆ. ಸ್ವರವು ಅರ್ಧಸ್ವರದ ಐದನೆಯ ಒಂದು ಭಾಗದಷ್ಟು ಸರಿಯುತ್ತದೆ. ಸಾಧಾರಣ ಕಿವಿಗೂ ಇದು ತಿಳಿಯುವಂಥದು.

ಘರ್ಷಣೆಯ ಪ್ರಭಾವವನ್ನೂ ಪ್ರೌಢಶಾಲೆಯ ಭೌತಶಾಸ್ತ್ರದ ಆಧಾರದಿಂದ ಅಂದಾಜು ಮಾಡಬಹುದು. ಕಂಬಕ್ಕೆ ಹಗ್ಗವನ್ನು ಸುತ್ತಿದಾಗ ಎರಡು ಬದಿಗಳ ಸೆಳೆತದಲ್ಲಿ ವ್ಯತ್ಯಾಸ ನಿಲ್ಲುವಂತೆ, ನಟ್ಟಿನ ಮೇಲೆ ಬಾಗಿದ ತಂತಿಯಲ್ಲಿಯೂ ನಿಲ್ಲುತ್ತದೆ. ಬಾಗು ೧೭ ಡಿಗ್ರಿ, ಘರ್ಷಣೆಯ ಗುಣಾಂಕ ೦.೨ ಎಂದು ಹಿಡಿದರೆ ಎರಡು ಬದಿಗಳ ನಡುವೆ ಶೇಕಡ ೬ರವರೆಗೆ ವ್ಯತ್ಯಾಸವು ತಂತಿ ಜಾರದೆಯೇ ಉಳಿಯಬಲ್ಲದು. ಸ್ವರಕ್ಕೆ ಪರಿವರ್ತಿಸಿದರೆ ಇದು ಅರ್ಧಸ್ವರದ ಅರ್ಧಭಾಗ. ಗುಣಾಂಕವನ್ನು ೦.೧ಕ್ಕೆ ಇಳಿಸಿದರೆ ವ್ಯತ್ಯಾಸವೂ ಅರ್ಧಕ್ಕಿಳಿಯುತ್ತದೆ. ನುಣುಪಾದ ಕಚ್ಚಿನ ಬೆಲೆ ಎಷ್ಟೆಂಬುದು ಇದರಿಂದ ಸ್ಪಷ್ಟವಾಗುವುದು.

ಎರಡನೆಯ ದೋಷದ ಲಕ್ಷಣ ಬೇರೆ. ಕಚ್ಚಿನ ತಳವು ಇರಬೇಕಾದುದಕ್ಕಿಂತ ಎತ್ತರವಾಗಿದ್ದರೆ, ಮೊದಲ ಮೆಟ್ಟಿಲಿನಲ್ಲಿ ತಂತಿಯನ್ನು ಒತ್ತುವಾಗ ಅದನ್ನು ಹೆಚ್ಚು ಕೆಳಕ್ಕೆ ಎಳೆಯಬೇಕಾಗಿ ಬಿಗಿತವೇರಿ ಸ್ವರವೂ ಏರುತ್ತದೆ. ಬಿಡಿ ತಂತಿಗಳೆಲ್ಲ ಶುದ್ಧವಾಗಿ ನುಡಿಯುತ್ತವೆ. ಮೊದಲ ಎರಡು ಮೂರು ಮೆಟ್ಟಿಲುಗಳಲ್ಲಿ ಮಾತ್ರ ಸ್ವರಗಳು ಮೇಲಾಗುತ್ತವೆ. ಮುಂದೆ ಹೋದಂತೆ ದೋಷವು ತಗ್ಗುತ್ತದೆ. ಆರಂಭದ ಪಾಠಗಳೆಲ್ಲ ಈ ಮೆಟ್ಟಿಲುಗಳಲ್ಲಿಯೇ ನಡೆಯುವುದರಿಂದ ಹೊಸ ವಿದ್ಯಾರ್ಥಿಗೆ ಇದರ ಬಾಧೆ ಅತ್ಯಧಿಕ. ಬೆರಳೂ ನೋಯುತ್ತದೆ, ಸ್ವರವೂ ಕೂಡುವುದಿಲ್ಲ. ಕಚ್ಚು ತೀರ ಆಳವಾಗಿದ್ದರೆ ಬಿಡಿ ತಂತಿಯು ಮೊದಲ ಮೆಟ್ಟಿಲಿಗೆ ತಗುಲಿ ಝೇಂಕರಿಸುತ್ತದೆ.

ಪರೀಕ್ಷಿಸದೆ ಬದಲಾಯಿಸಕೂಡದು

ಶ್ರುತಿ ಕೆಡಲು ನಟ್ ಒಂದೇ ಕಾರಣವಲ್ಲ. ಆದುದರಿಂದ ಸುತ್ತಿಗೆಯನ್ನು ಕೈಗೆತ್ತಿಕೊಳ್ಳುವ ಮೊದಲು ಕ್ರಮವಾಗಿ ಪರೀಕ್ಷಿಸುವುದು ಅವಶ್ಯಕ.

ಮೊದಲಾಗಿ ತಂತಿಗಳನ್ನು ನೋಡಬೇಕು. ತುಕ್ಕು ಹಿಡಿದ ತಂತಿಯು ಎಂದಿಗೂ ಶುದ್ಧವಾಗಿ ನುಡಿಯದು. ಹೊಸ ತಂತಿಯನ್ನು ಮೆಲ್ಲನೆ ಎಳೆದೆಳೆದು ಹದಗೊಳಿಸದಿದ್ದರೆ ಅದು ಕೆಲವು ಕಾಲ ಇಳಿಯುತ್ತಲೇ ಇರುತ್ತದೆ. ಎರಡನೆಯದಾಗಿ ಬಿರಡೆಯ ಮೇಲಿನ ಸುತ್ತುಗಳು. ಎರಡು ಮೂರು ಸುತ್ತುಗಳು ಒಂದರ ಕೆಳಗೊಂದು ಅಚ್ಚುಕಟ್ಟಾಗಿ ಕುಳಿತಿರಬೇಕು. ಒಂದರ ಮೇಲೊಂದು ಹತ್ತಿದ್ದರೆ ಅವು ಸಡಿಲುತ್ತವೆ. ಮೂರನೆಯದಾಗಿ ಬಿರಡೆಯ ತಿರುಪುಗಳು ಬಿಗಿಯಾಗಿವೆಯೇ ಎಂದು ನೋಡಬೇಕು. ನಾಲ್ಕನೆಯದಾಗಿ ಕುದುರೆ. ಹನ್ನೆರಡನೆಯ ಮೆಟ್ಟಿಲಿನ ಸುತ್ತಮುತ್ತ ಸ್ವರವು ತಪ್ಪುತ್ತಿದ್ದು ಮೊದಲ ಮೆಟ್ಟಿಲುಗಳಲ್ಲಿ ಸರಿಯಾಗಿದ್ದರೆ ದೋಷವು ಕುದುರೆಯ ಕಡೆಯದು. ಮೊದಲ ಮೆಟ್ಟಿಲುಗಳಲ್ಲಿ ತಪ್ಪಿದ್ದು ಮೇಲೆ ಹೋದಂತೆ ಸರಿಯಾದರೆ ನಟ್ಟಿನ ಕಡೆಯದು.

ಇವೆಲ್ಲ ಸರಿಯಾಗಿದ್ದು ದೋಷವು ಉಳಿದರೆ ನಟ್ಟಿನ ಪರೀಕ್ಷೆಗೆ ತೊಡಗಬಹುದು. ಬಿರಡೆಯನ್ನು ಮೆಲ್ಲಗೆ ತಿರುಗಿಸುವಾಗ ಸ್ವರವು ಸ್ವಲ್ಪ ಹೊತ್ತು ಅಲುಗದೆ ನಿಂತು, ಬಳಿಕ 'ಟಿಂಗ್' ಎಂಬ ಸದ್ದಿನೊಡನೆ ಥಟ್ಟನೆ ಜಿಗಿದರೆ ತಂತಿಯು ಕಚ್ಚಿನಲ್ಲಿ ಸಿಕ್ಕಿಕೊಂಡಿದೆಯೆಂದೇ ಅರ್ಥ. ಇನ್ನೊಂದು ಪರೀಕ್ಷೆಗೆ ಬೇಕಾದುದು ಸಾಮಾನ್ಯ ಪೆನ್ಸಿಲು ಮಾತ್ರ. ತಂತಿಯನ್ನು ಸಡಿಲಿಸಿ ಬದಿಗೆ ಸರಿಸಿ ಮೃದುವಾದ ಪೆನ್ಸಿಲಿನ ಮೊನೆಯಿಂದ ಕಚ್ಚಿನೊಳಗೆ ಚೆನ್ನಾಗಿ ಗೀಚಬೇಕು. ಪೆನ್ಸಿಲಿನ ಕಡ್ಡಿಯಲ್ಲಿರುವ ಗ್ರಾಫೈಟು ಒಣ ಜಾರುದ್ರವ್ಯವಾದುದರಿಂದ ಘರ್ಷಣೆಯು ತಗ್ಗುತ್ತದೆ. ಹೀಗೆ ಮಾಡಿದ ಮೇಲೆ ಶ್ರುತಿಯು ನಿಂತರೆ ದೋಷದ ಸ್ಥಾನವು ಸಂಶಯಾತೀತವಾಗಿ ಸಿಕ್ಕಂತಾಯಿತು. ಎಷ್ಟೋ ವಾದ್ಯಗಳಿಗೆ ಇಷ್ಟೇ ಚಿಕಿತ್ಸೆ ಸಾಕು.

ಎತ್ತರವನ್ನು ಪರೀಕ್ಷಿಸಲು ತಂತಿಯನ್ನು ಮೂರನೆಯ ಮೆಟ್ಟಿಲಿನಲ್ಲಿ ಒತ್ತಿಹಿಡಿದು ಮೊದಲ ಮೆಟ್ಟಿಲಿನ ಮೇಲೆ ಉಳಿದ ಸಂದನ್ನು ಗಮನಿಸಬೇಕು. ಬರವಣಿಗೆಯ ಹಾಳೆಯ ದಪ್ಪಕ್ಕಿಂತ, ಎಂದರೆ ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ಸಂದು ಬಹಳ ಹೆಚ್ಚಿದ್ದರೆ ಕಚ್ಚು ಎತ್ತರವಾಗಿದೆ. ಸಂದೇ ಇಲ್ಲದಿದ್ದರೆ ಅದು ತೀರ ಆಳವಾಗಿದೆ. ಎತ್ತರವಾದ ಕಚ್ಚನ್ನು ಅರದಿಂದ ಉಜ್ಜಿ ಇಳಿಸಬಹುದು. ಆಳವಾದುದಕ್ಕೆ, ಸೀಳಿದ್ದಕ್ಕೆ, ಕಚ್ಚುಗಳ ಸ್ಥಾನವೇ ತಪ್ಪಿದ್ದಕ್ಕೆ ಮಾತ್ರ ಬದಲಾವಣೆಯೇ ಯೋಗ್ಯ ಮಾರ್ಗ.

ಸನ್ನೆಗೋಲಿನ ಗಿಟಾರಿಗೆ ದೋಷವಾದುದು ಮತ್ತೊಂದಕ್ಕೆ ಗುಣವಾಗಬಹುದೆಂಬುದನ್ನೂ ನೆನಪಿಡಬೇಕು. ಲೋಹದ ಕಡ್ಡಿಯನ್ನು ತಂತಿಗಳ ಮೇಲೆ ಜಾರಿಸಿ ನುಡಿಸುವ ಹವಾಯಿ ಪದ್ಧತಿಯ ಗಿಟಾರಿನಲ್ಲಿ ತಂತಿಗಳು ಮೆಟ್ಟಿಲುಗಳಿಗೆ ತಾಗಲೇಬಾರದು. ಅಲ್ಲಿ ಎತ್ತರವಾದ ನಟ್ ಬೇಕೇ ಬೇಕು. ವಿಶ್ವಮೋಹನ ಭಟ್ಟರು ಹಿಂದುಸ್ತಾನಿ ಸಂಗೀತಕ್ಕೆ ಒಗ್ಗಿಸಿದ ಮೋಹನವೀಣೆಯೂ ಕಡ್ಡಿ ಜಾರಿಸಿ ನುಡಿಸುವ ವಾದ್ಯವೇ.

ನಟ್ಟಿಗೆ ಬಳಸುವ ದ್ರವ್ಯಗಳು

ಅಗ್ಗದ ಗಿಟಾರುಗಳಲ್ಲಿ ಸಾಮಾನ್ಯವಾಗಿ ಟೊಳ್ಳಾದ ಪ್ಲಾಸ್ಟಿಕ್ ನಟ್ ಇರುತ್ತದೆ. ಅದು ಮೃದು, ತಂತಿಯು ಬೇಗ ಅದನ್ನು ಕೊರೆಯುತ್ತದೆ. ದನದ ಎಲುಬು ಬಹುಕಾಲದಿಂದ ಮನ್ನಣೆ ಪಡೆದ ದ್ರವ್ಯ. ಅದು ಗಟ್ಟಿಯಾಗಿದ್ದು ಚೆನ್ನಾಗಿ ನುಣುಪಾಗುತ್ತದೆ, ಬೆಲೆಯೂ ಕಡಿಮೆ. ಹಿಂದೆ ದಂತವನ್ನೂ ಬಳಸುತ್ತಿದ್ದರು. ಆನೆಗಳ ರಕ್ಷಣೆಗಾಗಿ ೧೯೮೯ರಲ್ಲಿ ದಂತದ ಅಂತರರಾಷ್ಟ್ರೀಯ ವ್ಯಾಪಾರವು ನಿಷೇಧಕ್ಕೆ ಒಳಗಾಯಿತು. ೧೯೭೦ರ ದಶಕದಲ್ಲಿ ಹಿತ್ತಾಳೆಯ ನಟ್ಟಿಗೆ ಒಲವಿತ್ತು. ಈಚೆಗೆ ಗ್ರಾಫೈಟನ್ನೋ ಟೆಫ್ಲಾನನ್ನೋ ಬೆರೆಸಿ ತಯಾರಿಸಿದ ಕೃತಕ ದ್ರವ್ಯಗಳು ದೊರೆಯುತ್ತವೆ. ತಾವೇ ಜಾರುಗುಣವುಳ್ಳವಾದುದರಿಂದ ಸನ್ನೆಗೋಲಿನ ಗಿಟಾರುಗಳಿಗೆ ಅವು ಹೆಚ್ಚು ಒಪ್ಪುತ್ತವೆ. ಆದರೆ ದ್ರವ್ಯವು ಎಷ್ಟೇ ಉತ್ತಮವಾಗಿದ್ದರೂ ಕಚ್ಚು ಕೆಟ್ಟದಾಗಿದ್ದರೆ ಪ್ರಯೋಜನವಿಲ್ಲ. ದ್ರವ್ಯಕ್ಕಿಂತ ಕೆಲಸವೇ ಮುಖ್ಯ.

ಬದಲಾವಣೆಯ ವಿಧಾನ

ತಂತಿಗಳನ್ನು ಸಡಿಲಿಸಿ ತೆಗೆದ ಬಳಿಕ ಹಳೆಯ ನಟ್ಟಿನ ಸುತ್ತಲಿನ ಬಣ್ಣ ಮೆರುಗುಗಳನ್ನು ಹರಿತವಾದ ಅಲಗಿನಿಂದ ಗೀರಬೇಕು. ಇಲ್ಲವಾದರೆ ನಟ್ಟಿನೊಡನೆ ಮೆರುಗೂ ಚಕ್ಕೆಯಾಗಿ ಏಳುತ್ತದೆ. ನಟ್ಟಿಗೆ ಸಣ್ಣ ಮರದ ತುಂಡನ್ನು ಆನಿಸಿ ಹಗುರವಾದ ಸುತ್ತಿಗೆಯಿಂದ ಮೆಲ್ಲನೆ ತಟ್ಟಿದರೆ ಅಂಟು ಬಿಡುತ್ತದೆ. ಎರಡೂ ಬದಿಗೆ ಗೋಡೆಯಿರುವ ಕಾಲುವೆಯಲ್ಲಿ ಕೂರಿಸಿದ್ದರೆ ಒಂದು ಪಕ್ಕದ ತುದಿಯಿಂದ ತಟ್ಟಿ ಹೊರಡಿಸಬೇಕು. ಹಟ ಹಿಡಿದ ನಟ್ಟನ್ನು ಉದ್ದುದ್ದ ಗರಗಸದಿಂದ ಸೀಳಿ ಇಕ್ಕಳದಿಂದ ಹಿಚುಕಿ ತೆಗೆಯುವುದು ಲೇಸು. ಬಲಪ್ರಯೋಗದಿಂದ ಬೆರಳುಹಲಗೆಯ ತುದಿಯು ಮುರಿದರೆ ಆ ಹಾನಿಯು ನಟ್ಟಿನ ಬೆಲೆಯ ಹತ್ತಾರು ಪಟ್ಟಾಗುವುದು.

ಅನಂತರ ಕಾಲುವೆಯಲ್ಲಿ ಉಳಿದ ಅಂಟನ್ನು ಕೆರೆದು ತೆಗೆಯಬೇಕು, ಮರವನ್ನು ಕೊರೆಯಕೂಡದು. ಹೊಸ ತುಂಡನ್ನು ಗಾಜಿನ ಮೇಲೆ ಹಾಸಿದ ಉಪ್ಪುಕಾಗದಕ್ಕೆ ಉಜ್ಜಿ ದಪ್ಪವನ್ನು ಹೊಂದಿಸಬೇಕು. ಬೆರಳಿನ ಒತ್ತಡದಿಂದಲೇ ಕೂರುವಂತೆಯೂ ತಾನಾಗಿ ಬೀಳದಂತೆಯೂ ಇದ್ದರೆ ಅದು ತಕ್ಕ ಅಳತೆ. ಎಲುಬಿನ ಧೂಳು ಉಸಿರಿಗೆ ಹಾನಿಕರವಾದುದರಿಂದ ಮೂಗು ಬಾಯಿಗಳಿಗೆ ಮುಸುಕು ಇರಬೇಕು.

ಎಷ್ಟು ಆಳಕ್ಕೆ ಕೊರೆಯಬಹುದೆಂಬುದನ್ನು ತಿಳಿಯಲು ಒಂದು ಸುಲಭ ಉಪಾಯವಿದೆ. ಪೆನ್ಸಿಲನ್ನು ಉದ್ದುದ್ದ ಸೀಳಿ, ಅದರ ಚಪ್ಪಟೆ ಮುಖವನ್ನು ಮೊದಲ ಎರಡು ಮೆಟ್ಟಿಲುಗಳ ಮೇಲೆ ಕೂರಿಸಿ ನಟ್ಟಿನ ಮುಖಕ್ಕೆ ಗೆರೆ ಎಳೆಯಬೇಕು. ಈ ಗೆರೆಯು ಮೆಟ್ಟಿಲುಗಳ ಎತ್ತರವನ್ನು ತೋರಿಸುತ್ತದೆ. ಕಚ್ಚಿನ ತಳವು ಇದಕ್ಕಿಂತ ಕೊಂಚ ಮೇಲೆಯೇ ನಿಲ್ಲಬೇಕು.

ಹೊರಗಿನ ಎರಡು ತಂತಿಗಳು ಬೆರಳುಹಲಗೆಯ ಅಂಚಿನಿಂದ ಸುಮಾರು ೩ ಮಿಲಿಮೀಟರು ಒಳಗಿರುವಂತೆ ಗುರುತು ಮಾಡಿ, ಒಳಗಿನ ನಾಲ್ಕನ್ನು ತಂತಿಗಳ ನಡುವಣ ಸಂದುಗಳು ಸಮನಾಗುವಂತೆ ಹಂಚಬೇಕು. ದಪ್ಪ ತಂತಿಯೂ ತೆಳು ತಂತಿಯೂ ಇರುವುದರಿಂದ ಮಧ್ಯಬಿಂದುಗಳನ್ನು ಸಮವಾಗಿಸಿದರೆ ದಪ್ಪ ತಂತಿಗಳ ನಡುವೆ ಸಂದು ಕಿರಿದಾಗುತ್ತದೆ. ಕಚ್ಚು ಕೊರೆಯಲು ತಂತಿಯ ದಪ್ಪಕ್ಕೆ ತಕ್ಕ ಅರಗಳೇ ಬೇಕು. ರೂಢಿಯಲ್ಲಿರುವ ಒಂದು ತಂತಿಕಟ್ಟಿನಲ್ಲಿ ಮೊದಲ ತಂತಿಯ ದಪ್ಪ ೦.೨೫ ಮಿಲಿಮೀಟರು, ಆರನೆಯದರ ದಪ್ಪ ೧.೧೭ ಮಿಲಿಮೀಟರು, ಒಂದೇ ಅರದಿಂದ ಇವೆರಡನ್ನೂ ಸಾಧಿಸಲಾಗದು. ಕಚ್ಚು ತಂತಿಗಿಂತ ಅತ್ಯಲ್ಪ ಅಗಲವಾಗಿರಬೇಕು. ತಳವು ದುಂಡಾಗಿರಬೇಕು. ಬಿರಡೆಯ ಕಡೆಗೆ ಇಳಿಜಾರಾಗಿದ್ದು ಬೆರಳುಹಲಗೆಯ ಕಡೆಯ ಅಂಚೇ ಅತ್ಯಂತ ಎತ್ತರದ ಬಿಂದುವಾಗಿರಬೇಕು. ಏಕೆಂದರೆ ತಂತಿಯ ಉದ್ದವನ್ನು ಎಣಿಸುವುದು ಆ ಅಂಚಿನಿಂದಲೇ. ಬಿರಡೆಗಳು ಎರಡು ಪಕ್ಕಗಳಲ್ಲಿದ್ದರೆ ಕಚ್ಚಿನ ಹಿಂಭಾಗವನ್ನು ಆಯಾ ಬಿರಡೆಯ ದಿಕ್ಕಿಗೆ ತುಸು ತಿರುಗಿಸುವುದರಿಂದ ತಂತಿಯು ಹರಿತವಾದ ಮೂಲೆಗೆ ಒತ್ತುವುದು ತಪ್ಪುತ್ತದೆ.

ಕೊರೆಯುವಾಗ ಅವಸರ ಸಲ್ಲದು. ಅರವನ್ನು ಎರಡು ಮೂರು ಸಲ ಎಳೆದು, ತಂತಿ ಹಾಕಿ ಶ್ರುತಿ ಮಾಡಿ ನೋಡಿ, ಪುನಃ ಸಡಿಲಿಸಿ ಮುಂದುವರಿಯಬೇಕು. ತೆಗೆದ ಎಲುಬನ್ನು ಮತ್ತೆ ಸೇರಿಸಲು ಬಾರದು. ಎಲುಬಿನ ಪುಡಿಯನ್ನು ತೀವ್ರ ಅಂಟಿನೊಡನೆ ಕಲಸಿ ತುಂಬುವ ಪದ್ಧತಿಯುಂಟಾದರೂ ಅದು ತಾತ್ಕಾಲಿಕ. ಕಚ್ಚುಗಳು ಸಿದ್ಧವಾದ ಮೇಲೆ ಮೇಲಂಚನ್ನು ಉಜ್ಜಿ, ಸುತ್ತುಳ್ಳ ದಪ್ಪ ತಂತಿಗಳು ಅರ್ಧದಷ್ಟು, ತೆಳು ತಂತಿಗಳು ಪೂರ್ತಿಯಾಗಿ ಕಚ್ಚಿನಲ್ಲಿ ಅಡಗುವಂತೆ ಮಾಡಬೇಕು. ಬಳಿಕ ನುಣುಪಾದ ಉಪ್ಪುಕಾಗದದಿಂದ ಕಚ್ಚಿನ ಒಳಗನ್ನೂ ಹೊರಗನ್ನೂ ಮೆರುಗುಗೊಳಿಸಬೇಕು.

ಕೊನೆಯದಾಗಿ ಅಂಟು. ಮರದ ಅಂಟಿನ ಎರಡು ಸಣ್ಣ ಹನಿಗಳು ಸಾಕು. ತಂತಿಗಳ ಒತ್ತಡವೇ ನಟ್ಟನ್ನು ಹಿಡಿದಿಡುತ್ತದೆ. ಅಂಟು ಅದು ಪಕ್ಕಕ್ಕೆ ಸರಿಯದಂತೆ ನೋಡಿಕೊಳ್ಳಲು ಮಾತ್ರ. ಇಂದು ಹಾಕಿದ ನಟ್ಟನ್ನು ಮುಂದೊಂದು ದಿನ ಇನ್ನೊಬ್ಬರು ತೆಗೆಯಬೇಕಾದೀತು. ಅವರ ಕೆಲಸವು ಸುಗಮವಾಗುವಂತೆ ಮಾಡುವುದೂ ಉತ್ತಮ ಕೆಲಸಗಾರನ ಲಕ್ಷಣ.

ಬೇರೆ ಪರಿಹಾರಗಳು

ಘರ್ಷಣೆಯನ್ನು ನಿವಾರಿಸಲು ಬೇರೆ ಪ್ರಯತ್ನಗಳೂ ನಡೆದಿವೆ. ಅಮೆರಿಕದ ಫ್ಲಾಯ್ಡ್ ರೋಸ್ ಅವರು ೧೯೭೯ರಲ್ಲಿ ಪೇಟೆಂಟು ಪಡೆದ ವ್ಯವಸ್ಥೆಯಲ್ಲಿ ತಂತಿಯನ್ನು ನಟ್ಟಿನಲ್ಲಿಯೇ ಬಿಗಿಯಾಗಿ ಕಚ್ಚಿಸಿಬಿಡಲಾಗುತ್ತದೆ. ಜಾರುವ ಪ್ರಶ್ನೆಯೇ ಏಳುವುದಿಲ್ಲ. ಇನ್ನು ಕೆಲವು ವಾದ್ಯಗಳಲ್ಲಿ ನಟ್ಟಿನ ಮುಂದೆಯೇ ಒಂದು ಹೆಚ್ಚಿನ ಮೆಟ್ಟಿಲನ್ನು ಹೂಡಿರುತ್ತಾರೆ. ಅಲ್ಲಿ ಎತ್ತರವನ್ನು ಆ ಮೆಟ್ಟಿಲು ನಿರ್ಧರಿಸುತ್ತದೆ, ನಟ್ ಕೇವಲ ತಂತಿಗಳ ಅಂತರವನ್ನು ಕಾಯುತ್ತದೆ. ಸಣ್ಣ ಉರುಳೆಗಳ ಮೇಲೆ ತಂತಿ ಹಾಯುವ ನಟ್ಟುಗಳೂ ಇವೆ. ಇವೆಲ್ಲವೂ ಉಪಯುಕ್ತವೇ. ಆದರೆ ವಾದ್ಯದ ಮರವನ್ನು ಕೊರೆಯಬೇಕಾದ ಪರಿಹಾರಗಳಿಗೆ ಹೋಗುವ ಮೊದಲು, ಚೆನ್ನಾಗಿ ಕೊರೆದ ಸರಳ ಎಲುಬಿನ ನಟ್ಟನ್ನು ಪ್ರಯೋಗಿಸಿ ನೋಡುವುದು ವಿವೇಕ.

ಉಪಸಂಹಾರ

ದೋಷವು ಕಾಣಿಸಿಕೊಳ್ಳುವ ಸ್ಥಳವೂ ಅದು ಹುಟ್ಟುವ ಸ್ಥಳವೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಬಿರಡೆಯಲ್ಲಿ ಕಂಡ ದೋಷದ ಮೂಲ ನಟ್ಟಿನಲ್ಲಿರಬಹುದು. ವಿದ್ಯಾರ್ಥಿಯಲ್ಲಿ ಕಂಡ ದೋಷದ ಮೂಲ ಅವನ ಕೈಗಿತ್ತ ವಾದ್ಯದಲ್ಲಿರಬಹುದು. ಸ್ವರವು ಕೂಡದ ಮಗುವಿಗೆ ಸಂಗೀತದ ಸಂಸ್ಕಾರವಿಲ್ಲವೆಂದು ನಿರ್ಣಯಿಸುವ ಮೊದಲು ಉಪಾಧ್ಯಾಯರು ಆ ವಾದ್ಯದ ಮೂರನೆಯ ಮೆಟ್ಟಿಲನ್ನೊಮ್ಮೆ ಒತ್ತಿ, ಮೊದಲ ಮೆಟ್ಟಿಲಿನ ಮೇಲಿನ ಸಂದನ್ನು ನೋಡುವುದು ನ್ಯಾಯ. ಅಂತೆಯೇ ಶಾಲೆಗಳಿಗೆ ವಾದ್ಯಗಳನ್ನು ನೀಡುವ ಉದಾರಿಗಳು ಅವುಗಳೊಡನೆ ಒಂದು ಕಟ್ಟು ಅರಗಳನ್ನೂ ನಾಲ್ಕಾರು ಎಲುಬಿನ ತುಂಡುಗಳನ್ನೂ ನೀಡಿದರೆ, ಮೂಲೆ ಸೇರಿದ ಎಷ್ಟೋ ಗಿಟಾರುಗಳು ಮತ್ತೆ ಮಕ್ಕಳ ಕೈಗೆ ಬಂದು ಶುದ್ಧವಾಗಿ ನುಡಿಯುವುವು.